ಮುಚ್ಚದೆ ಬಂದ ವರ್ತಿ

ಬೇಸಿಗೆಯಲ್ಲಿ ಭೀಮಾ ನದಿ ಒಂದು ಕಡೆಗೆ ಸರಿದು ಮಲಗುತ್ತದೆ. ಉಳಿದದ್ದೆಲ್ಲ ಉಸುಕು. ನಮ್ಮ ಮಣ್ಣೂರಿನವರು ಸಮುದ್ರ ಕಂಡವರಲ್ಲ. ಮಕ್ಕಳನ್ನು ಆಡಲು ಬಿಡುವ ದಂಡೆ ಎಂದರೆ ಇದೇ. ನಾನೂ ಇಲ್ಲೇ ಆಡಿ ಬೆಳೆದವಳು. ಮದುವೆಯಾಗಿ ಜೇವರ್ಗಿಯಲ್ಲಿ ನೆಲೆಸಿದ ಮೇಲೂ ಸೂಟಿ ಬಂತೆಂದರೆ ಮಗಳನ್ನು ಕಟ್ಟಿಕೊಂಡು ತವರಿಗೆ ಓಡುತ್ತಿದ್ದೆ. ಎರಡು ಬೇಸಿಗೆಯ ಹಿಂದೆ ನಮ್ಮ ಜೊತೆ ನಾಲ್ಕು ತಿಂಗಳ ನಾಯಿಮರಿಯೂ ಬಂದಿತ್ತು. ಐದು ವರ್ಷದ ಮಗಳು ಅದನ್ನು ಬುಟ್ಟಿಯಲ್ಲಿ ಕೂರಿಸಿ, ಬಸ್ಸಿನುದ್ದಕ್ಕೂ ಅದರ ಜೊತೆ ಮಾತಾಡುತ್ತಲೇ ಬಂದಳು. ಅದಕ್ಕೊಂದು ಹೆಸರೂ ಇತ್ತು. ಆ ಹೆಸರನ್ನು ನಮ್ಮ ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ನಾನು ಬಹಳ ಎಚ್ಚರಿಕೆಯ ಹೆಂಗಸು. ಇದನ್ನು ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ. ಬೆಳಿಗ್ಗೆಯೇ ಹೊಳೆಗೆ ಹೋಗಿ ಬಿಸಿಲೇರುವ ಮೊದಲೇ ಮನೆ ಸೇರಬೇಕು. ಉಸುಕಿನ ಮೇಲೆ ನನ್ನ ಮುಂಗೈ ಇಟ್ಟು ಹತ್ತು ಎಣಿಸಬೇಕು. ನನಗೆ ತಾಳದಿದ್ದರೆ ಮಗಳ ಪಾದಕ್ಕೂ ಮರಿಯ ಪಾದಕ್ಕೂ ಅದು ತಾಳದು. ಮಗಳ ತಲೆಗೆ ಟೊಪ್ಪಿಗೆ, ಮರಿಗೆ ಬೇರೆ ಬಟ್ಟಲು, ಕುಡಿಯಲು ಮನೆಯ ನೀರು. ಆಟ ಶುರುವಾಗುವ ಮೊದಲು ಒಡೆದ ಬಾಟಲಿಯ ಚೂರು ಹೆಕ್ಕಬೇಕು. ನೀರಿನ ಅಂಚಿಗೆ ಮಾತ್ರ ಯಾರನ್ನೂ ಬಿಡುವಂತಿಲ್ಲ. ಟ್ರ್ಯಾಕ್ಟರಿನವರು ಉಸುಕು ಎತ್ತಿದ ಗುಂಡಿಗಳು ನೀರಿನಡಿ ಎಲ್ಲೆಲ್ಲಿವೆಯೋ ಯಾರಿಗೆ ಗೊತ್ತು. ನನ್ನ ಚೀಲದ ಗಾತ್ರ ನೋಡಿ ತಾಯಿ ಬಾಗಿಲಲ್ಲೇ ಕೇಳಿದಳು: “ಹೊಳಿಗೆ ಹೊಂಟೀಯೋ, ದವಾಖಾನಿಗೆ ಹೊಂಟೀಯೋ ಬೇ?”

ಮೊದಲ ದಿನ ಮಗಳಿಗೆ ವರ್ತಿ ತೋಡಲು ಕಲಿಸಿದೆ. ಒಣ ಉಸುಕನ್ನು ಕೈಯಿಂದ ಬಗೆಯುತ್ತ ಹೋದರೆ ತಳದಲ್ಲಿ ನೀರು ಒಸರುತ್ತದಲ್ಲ, ಆ ಕುಳಿಗೆ ನಮ್ಮಲ್ಲಿ ವರ್ತಿ ಎನ್ನುತ್ತಾರೆ. ಮೊದಲು ಬಂದ ರಾಡಿ ನೀರನ್ನು ಚೆಲ್ಲಿ, ಸುಮ್ಮನೆ ಕೂತು ಕಾಯಬೇಕು. ಮಗಳ ಮೊಣಕೈ ಮುಳುಗುವಷ್ಟು ತೋಡಿ ಕಾದೆವು. ತಿಳಿನೀರು ಏರಿ ಬಂದಾಗ ಅವಳು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ನಾನು ಹೊತ್ತು ತಂದ ಬಟ್ಟಲನ್ನು ಮರಿ ಮೂಸಿಯೂ ನೋಡಲಿಲ್ಲ. ವರ್ತಿಗೇ ಮೂತಿ ಹಾಕಿ ಲೊಚಲೊಚ ಕುಡಿಯಿತು.

ಹೊರಡುವಾಗ ಮಗಳು ಕಾಲಿನಿಂದ ಕುಳಿಯೊಳಗೆ ಉಸುಕು ತಳ್ಳುತ್ತ ಕೇಳಿದಳು: “ಮಮ್ಮಿ, ಮುಚ್ಚೋಣು? ಯಾರರ ಬೀಳ್ತಾರ.”

“ವರ್ತಿ ಮುಚ್ಚಬಾರ್ದವ್ವಾ. ಕುರಿ ಬರ್ತಾವ, ಗುಬ್ಬಿ ಬರ್ತಾವ, ಕುಡೀಲಿ ಬಿಡು” ಎಂದೆ.

ಇದು ನನ್ನ ತಾಯಿ ನನಗೆ ಹೇಳಿದ್ದು, ಅವಳಿಗೆ ಅವಳ ತಾಯಿ ಹೇಳಿದ್ದು. ತೋಡಿದ ವರ್ತಿಯನ್ನು ಬಾಯಾರಿದವರಿಗಾಗಿ ತೆರೆದಿಟ್ಟು ಬರುವುದು ನಮ್ಮ ಕಡೆ ಪುಣ್ಯದ ಕೆಲಸ. ಚೀಲದ ತುಂಬ ಎಚ್ಚರಿಕೆ ಹೊತ್ತು ಹೋದ ನನಗೆ ಆ ಪುಣ್ಯದ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಮರುದಿನ ಬೆಳಿಗ್ಗೆ ಮರಿ ನಮಗಿಂತ ಮುಂದೆ ಓಡಿತು. ಅದಕ್ಕೆ ತನ್ನ ವರ್ತಿ ನೆನಪಿತ್ತು. ನಾವು ಬಿಟ್ಟು ಬಂದ ಪುಟ್ಟ ಕುಳಿ ರಾತ್ರಿ ಕಳೆಯುವುದರೊಳಗೆ ಸೊಂಟದಾಳವಾಗಿತ್ತು. ಯಾರೋ ಕುರಿಗಳಿಗೆಂದು ಇನ್ನೂ ತೋಡಿ, ಅವರೂ ಮುಚ್ಚದೆ ಹೋಗಿದ್ದರು. ಮರಿ ಜಾರಿಕೊಂಡು ತಳಕ್ಕಿಳಿದು ಬಾಯಿ ಹಾಕಿತು. ಒಂದು ಬದಿಯ ಉಸುಕು ಕುಸಿಯಿತು. ಸದ್ದೂ ಆಗಲಿಲ್ಲ. ಕುಳಿ ಅರ್ಧ ತುಂಬಿತು. ಬಾಲದ ತುದಿಯಷ್ಟೇ ಕಾಣುತ್ತಿತ್ತು, ಅದು ಅಲ್ಲಾಡುತ್ತಿತ್ತು.

ಮಗಳು ಚೀರಿ ಓಡಿದಳು. ಕುಳಿಯ ಅಂಚಿನಲ್ಲಿ ಅವಳ ಮಣಿಕಟ್ಟು ನನ್ನ ಕೈಗೆ ಸಿಕ್ಕಿತು. ಅವಳ ಕಾಲಡಿಯ ಉಸುಕೂ ಆಗಲೇ ಜರಿಯುತ್ತಿತ್ತು. ಬಿಟ್ಟರೆ ಒಳಗೆ ಹಾರುತ್ತಾಳೆ, ಅವಳ ಮೇಲೆ ಇನ್ನೊಂದು ಬದಿ ಬೀಳುತ್ತದೆ. ನಾನು ಬೋರಲು ಬಿದ್ದು, ಒಂದು ಕೈಯಲ್ಲಿ ಅವಳನ್ನು ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ಬಗೆದೆ. ಬಗೆದಷ್ಟೂ ಉಸುಕು ಮೇಲಿನಿಂದ ಇಳಿಯುತ್ತಿತ್ತು. ಮಗಳು ನನ್ನ ಕೈ ಕಚ್ಚಿದಳು. “ಬಿಡು ಮಮ್ಮಿ, ಬಿಡು” ಎಂದು ಒಂದೇ ಸಮನೆ ಅಳುತ್ತಿದ್ದಳು. ನಾನು ಬಿಡಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ. ಬಾಲ ಅಲ್ಲಾಡುವುದು ನಿಂತಿದ್ದನ್ನು ನಾವಿಬ್ಬರೂ ನೋಡಿದೆವು.

ಆಚೆಯಿಂದ ಒಬ್ಬ ಕುರಿಯವನು ಓಡಿ ಬಂದ. “ಕೂಸಿನ್ನ ದೂರ ಒಯ್ರಿ” ಎಂದವನೇ ಎರಡೂ ಕೈಯಿಂದ ಬಗೆದು, ಹಿಂಗಾಲು ಹಿಡಿದು ಮರಿಯನ್ನು ಎಳೆದ. ಟವೆಲ್ಲಿನಿಂದ ಅದರ ಮೂಗು ಒರೆಸಿ ಊದಿ ನೋಡಿದ.

“ಹೋಗೇತ್ರಿ” ಎಂದ. ಆಮೇಲೆ ಕುಳಿಯ ಕಡೆ ನೋಡುತ್ತ, “ನಾನೇ ಆಳ ಮಾಡಿದ್ನಿರಿ, ಕುರಿಗೆ ನೀರು ಸಾಲವಲ್ದಂತ” ಎಂದ.

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ನಾವಿಬ್ಬರೂ ಅದೇ ಪುಣ್ಯ ಮಾಡಿದವರು.

ಜೇವರ್ಗಿಗೆ ಮರಳುವ ಬಸ್ಸಿನಲ್ಲಿ ಖಾಲಿ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಮಗಳ ಮಣಿಕಟ್ಟಿನಲ್ಲಿ ನನ್ನ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು. ಅವಳು ಅದನ್ನೇ ನೋಡುತ್ತ ಕೂತಿದ್ದಳು. ಅಫಜಲಪುರ ದಾಟಿದ ಮೇಲೆ ಒಂದೇ ಮಾತು ಆಡಿದಳು: “ನಾ ಮುಚ್ಚೋಣು ಅಂದಿದ್ನಿ.”

ಕೂಸು ಉಳೀತಲ್ಲ, ನಾಯಿಮರಿ ಏನು, ಇನ್ನೊಂದು ಸಿಗುತ್ತದೆ ಎಂದು ಬಂದವರೆಲ್ಲ ಹೇಳಿದರು. ನಾನೂ ತಲೆಯಾಡಿಸಿದೆ. ಮಗಳನ್ನು ಎತ್ತಿ ದೂರ ಒಗೆದು ಎರಡೂ ಕೈಯಿಂದ ಬಗೆದಿದ್ದರೆ ಎಂಬ ಪ್ರಶ್ನೆಯನ್ನು ಅವರ ಮುಂದೆ ಇಡಲಿಲ್ಲ. ಅದಕ್ಕೆ ಉತ್ತರ ನನಗೇ ಬೇಕಿಲ್ಲ. ನೀಲಿ ಮಾಯವಾಯಿತು. ಆದರೆ ಅಂದಿನಿಂದ ಮಗಳು ನನಗೆ ಕೈ ಕೊಡುವುದಿಲ್ಲ. ಜೇವರ್ಗಿಯ ಹೆದ್ದಾರಿಯಲ್ಲಿ ಲಾರಿಗಳು ಮೈಮೇಲೆ ಬರುವಂತೆ ಹೋಗುತ್ತವೆ. ಶಾಲೆಗೆ ಹೋಗಲು ಅದನ್ನು ದಿನವೂ ದಾಟಬೇಕು. ಅವಳು ತನ್ನ ಚೀಲದ ಪಟ್ಟಿ ತಾನೇ ಹಿಡಿದು ದಾಟುತ್ತಾಳೆ. ನಾನು ಲಾರಿಗಳ ಕಡೆಗೆ ನಿಂತು, ಅವಳ ಬೆನ್ನ ಹಿಂದೆ ಮುಟ್ಟದಂತೆ ಕೈ ಚಾಚಿಕೊಂಡು ನಡೆಯುತ್ತೇನೆ. ಗದರಿಸಿದೆ, ಅತ್ತು ನೋಡಿದೆ, ಮಿಠಾಯಿ ಆಸೆ ತೋರಿಸಿದೆ. ಈಗ ಏನೂ ಮಾಡುವುದಿಲ್ಲ. ಅವಳನ್ನು ಕಾಯುವ ಬೇರೆ ದಾರಿ ನನಗೆ ಉಳಿದಿಲ್ಲ.

ಈ ಬೇಸಿಗೆ ತಾಯಿ ಬಹಳ ಕರೆದಳೆಂದು ಮಣ್ಣೂರಿಗೆ ಹೋದೆವು. ಬಿಸಿಲು ಇಳಿದ ಮೇಲೆ ತಾಯಿಯೂ ಸೇರಿ ಮೂವರೂ ಹೊಳೆಗಿಳಿದೆವು. ಯಾರೋ ತೋಡಿಟ್ಟ ವರ್ತಿ ಕಂಡದ್ದೇ ಮಗಳು ಮಂಡಿಯೂರಿ ಅದನ್ನು ಮುಚ್ಚತೊಡಗಿದಳು. ಕುರಿ ಹೊಡೆದುಕೊಂಡು ಬಂದ ಒಬ್ಬ ಹೆಂಗಸು ಕೇಳಿದಳು: “ಯಾಕವ್ವಾ ಮುಚ್ಚಾಕತ್ತಿ? ಕುರಿ ಕುಡಿಯಾಕ ಬಂದಾವಲ್ಲ.”

ಮಗಳು ಇನ್ನಷ್ಟು ಉಸುಕು ಎಳೆದು ಹಾಕಿದಳು. ನನ್ನ ತಾಯಿ ಬಯ್ಯಬೇಕಿತ್ತು; ಬಾಯಿಗೆ ಸೆರಗು ಒತ್ತಿಕೊಂಡು ಅತ್ತ ತಿರುಗಿ ನಿಂತಳು. ಕುರಿಗಳು ಸುತ್ತ ನಿಂತು ನೋಡುತ್ತಿದ್ದವು. ಕುಳಿ ನೆಲಸಮವಾದ ಮೇಲೆ ಮಗಳು ಅದರ ಮೇಲೆ ನಿಂತು ತುಳಿದು ಗಟ್ಟಿಮಾಡಿದಳು. ಉಸುಕು ತಾಗಿ ಅವಳ ಬೆರಳ ಗೆಣ್ಣು ಸುಲಿದಿತ್ತು. ಒರೆಸೋಣವೆಂದು ನಾನು ಕೈ ಚಾಚಿದೆ. ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

“ಬ್ಯಾಡ” ಎಂದಳು. “ನೀ ಹಿಡಿದ್ರ ಬಿಡಂಗಿಲ್ಲ.”