ದವಡಿ ಅಂದರೆ ಯಾವುದು

ನಮ್ಮ ಕಡೆ ದವಡಿ ಅಂದರೆ ಬಾಯಿಯ ಹಿಂದಿನ ಹಲ್ಲೂ ಹೌದು, ಅದು ನಾಟಿರುವ ಎಲುಬೂ ಹೌದು, ಸಿಟ್ಟು ಬಂದವರು ಬಾರಿಸುವ ಕೆನ್ನೆಯೂ ಹೌದು. ಮಾನ್ವಿಯ ಶಾಲೆಯಲ್ಲಿ ಇಷ್ಟು ವರ್ಷ ಕನ್ನಡ ಕಲಿಸಿದ ನನಗೂ ಇದರಲ್ಲೊಂದು ತೊಡಕು ಕಂಡಿರಲಿಲ್ಲ. ಬಾಗಲವಾಡದಲ್ಲಿ ಹೊಲಮನೆ ನೋಡಿಕೊಂಡಿರುವ ನನ್ನ ಅಕ್ಕ ಕಳೆದ ಚಳಿಗಾಲದಲ್ಲಿ "ದವಡಿ ನೋಯಾಕತ್ತದ" ಅಂದಾಗ ಮನೆಯವರೆಲ್ಲ ಹಲ್ಲು ಎಂದೇ ತಿಳಿದೆವು. ಅವಳು ಲವಂಗ ಇಟ್ಟುಕೊಂಡಳು, ಉಪ್ಪುನೀರು ಮುಕ್ಕಳಿಸಿದಳು. ನೋವು ಜಗ್ಗಲಿಲ್ಲ.

ಮಾನ್ವಿಯ ಒಬ್ಬ ಡಾಕ್ಟರು ನೋಡಿ, ಟಿಎಂಜೆ ಎಂದು ಚೀಟಿ ಬರೆದುಕೊಟ್ಟರು. ಅದನ್ನು ಓದಿ ನಾನು ಕುಣಿಯುವುದೊಂದು ಬಾಕಿ. ಹಿಂದೊಮ್ಮೆ ನನಗೆ ಕೆನ್ನೆ ನೋವು ಬಂದಾಗಲೂ ಇದೇ ಮೂರಕ್ಷರ ಬರೆದಿದ್ದರು. ಕಾವು ಕೊಟ್ಟು, ಮೆತ್ತಗಿನದು ತಿಂದು ವಾಸಿ ಮಾಡಿಕೊಂಡಿದ್ದೆ. "ನನ್ನ ಬ್ಯಾನಿನೇ ಅದ ಅಕ್ಕಾ, ನಾ ಹೇಳಿದಂಗ ಮಾಡು" ಎಂದು ಡಾಕ್ಟರಿಗಿಂತ ದೊಡ್ಡ ಡಾಕ್ಟರಾದೆ.

ಅಕ್ಕ ಮಾಡಿದಳು. ಆದರೆ ಅವಳ ಬಾಯಿ ದಿನದಿನಕ್ಕೆ ಕಿರಿದಾಗುತ್ತ ಬಂತು. ರೊಟ್ಟಿ ಬಿಟ್ಟು ಅಂಬಲಿಗೆ ಇಳಿದಳು. ಎಲ್ಲರ ಜೊತೆ ಕೂತು ಉಣ್ಣಲು ನಾಚಿ ಅಡುಗೆಮನೆಯ ಮೂಲೆ ಹಿಡಿದಳು. ದೇವದುರ್ಗದಲ್ಲಿ ನೋಯದಂತೆ ಹಲ್ಲು ಕೀಳುವವರೊಬ್ಬರು ಇದ್ದಾರೆಂದು ಯಾರೋ ಕಿವಿಯೂದಿದ್ದೇ ತಡ, ಗಟ್ಟಿಯಾಗಿದ್ದ, ಆ ಕಡೆಯ ಕೆಳಗಿನ ಹಿಂದಿನ ಹಲ್ಲನ್ನು ಕೀಳಿಸಿಕೊಳ್ಳುತ್ತೇನೆಂದು ಹಟಕ್ಕೆ ಬಿದ್ದಳು. "ಹಲ್ಲು ಹೋದ್ರ ಹೋಗ್ಲಿ ತಂಗಿ, ಬಾಯಿ ತೆರದ್ರ ಸಾಕು" ಅಂದಳು. ನನಗೆ ನಿಜಕ್ಕೂ ಭಯವಾಯಿತು. ಅವಳು ದೇವದುರ್ಗದ ಬಸ್ಸು ಹತ್ತುವ ಮೊದಲೇ ರಾಯಚೂರಿಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ನಮಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಕ್ಕ "ದವಡಿ" ಎನ್ನುತ್ತಲೇ ತಡೆದರು. "ಹೆಸರು ಹೇಳಬ್ಯಾಡ್ರಿ ಯವ್ವಾ, ಬೆರಳು ಇಟ್ಟು ತೋರಸ್ರಿ." ಅಕ್ಕ ಕಿವಿಯ ಮುಂದೆ ಬೆರಳಿಟ್ಟಳು. "ನನಗೂ ಇದೇ ಆಗಿತ್ತರಿ" ಎಂದು ನಾನು ನಡುವೆ ಬಾಯಿ ಹಾಕಿದೆ. "ನೀವೂ ತೋರಸ್ರಿ" ಅಂದರು. ನನ್ನ ಬೆರಳು ಹೋದದ್ದು ಕೆನ್ನೆಯ ಮಾಂಸಕ್ಕೆ, ಹಲ್ಲು ಕಚ್ಚಿದರೆ ಉಬ್ಬುವ ಜಾಗಕ್ಕೆ.

"ನಿಮ್ದು ಸ್ನಾಯು, ಇವರದು ಕೀಲು" ಅಂದರು ಡಾಕ್ಟರು. "ಟಿಎಂಜೆ ಅಂದ್ರ ಆ ಕೀಲಿನ ಹೆಸರರಿ, ಬ್ಯಾನಿ ಹೆಸರಲ್ಲ. ಕಾಲು ನೋಯ್ತದಂತ ಹೋದವರಿಗೆ ಚೀಟಿಯೊಳಗ ಮೊಣಕಾಲು ಅಂತ ಬರದುಕೊಟ್ರ ಏನು ತಿಳೀತದ?"

ಆಮೇಲೆ ಇಬ್ಬರಿಗೂ ಕಿವಿಯ ಮುಂದೆ ಬೆರಳಿಟ್ಟುಕೊಂಡು ಬಾಯಿ ತೆರೆಯಲು ಹೇಳಿದರು. ನನ್ನ ಬೆರಳ ಕೆಳಗೆ ಗುಂಡನೆಯ ಎಲುಬೊಂದು ಮೊದಲು ಹೊರಳಿತು, ಆಮೇಲೆ ಮುಂದಕ್ಕೆ ಜಾರಿತು, ಬಾಯಿ ಮುಚ್ಚಿದಾಗ ಸದ್ದಿಲ್ಲದೆ ತನ್ನ ಗೂಡಿಗೆ ಮರಳಿತು. ಅದರ ಮೇಲೆ ತೆಳುವಾದ ಗಾದಿಯಂಥದ್ದೊಂದು ಇದ್ದು, ಅದೂ ಜೊತೆಜೊತೆಗೆ ಸಾಗುತ್ತದಂತೆ. ನಾನು ದಂಗಾದೆ. ಹುಟ್ಟಿ ಮೊದಲು ಅತ್ತಾಗಿನಿಂದ ಹಿಡಿದು ಅಂದು ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಜಗಳ ತೆಗೆದದ್ದರವರೆಗೆ, ನನ್ನ ಒಂದೊಂದು ಮಾತಿಗೂ ಇದು ಹೊರಳಿದೆ, ಜಾರಿದೆ, ಮರಳಿದೆ. ನಾನೋ ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಹುಚ್ಚಿಯ ಹಾಗೆ ಮತ್ತೆ ಮತ್ತೆ ಬಾಯಿ ತೆರೆದು ಮುಚ್ಚಿದೆ.

ಅಕ್ಕನ ಬೆರಳ ಕೆಳಗೆ ಮಾತ್ರ ಎಲುಬು ಹೊರಳಿ ಅಲ್ಲೇ ನಿಂತಿತು. ಗಾದಿ ಮುಂದಕ್ಕೆ ಸರಿದು ದಾರಿಗೆ ಅಡ್ಡ ಕೂತಿದೆ ಎಂದು ಡಾಕ್ಟರು ಹೇಳಿದರು. ಸ್ಕ್ಯಾನ್ ಮಾಡಿಸಿದಾಗಲೂ ಅದೇ ಕಂಡಿತು.

ಮರುವಾರ ಹೋದಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕಿರಿದಾದ ಆ ಬಾಯೊಳಗೆ ಹೆಬ್ಬೆರಳು ತೂರಿಸಿದರು. ಬೆರಳು ಊರಿದ್ದು ಅಕ್ಕ ಕೀಳಿಸಬೇಕೆಂದಿದ್ದ ಹಲ್ಲಿನ ಮೇಲೆಯೇ. ಕೆಳಕ್ಕೆ ಒತ್ತಿ, ನಿಧಾನವಾಗಿ ಮುಂದಕ್ಕೆ ಎಳೆದರು. ಏನೋ ಜಾರಿದ್ದು ಪಕ್ಕದಲ್ಲಿ ನಿಂತ ನನಗೂ ಕೇಳಿಸಿತು. ಅಕ್ಕನ ಬಾಯಿ ತೆರೆದುಕೊಂಡಿತು, ಕಿರುನಾಲಿಗೆ ಕಾಣುವಷ್ಟು.

"ಒತ್ತಿ ಹಿಡಿಯಾಕ ಈ ಹಲ್ಲು ಇತ್ತು, ಚಲೋ ಆತು" ಎಂದು ಡಾಕ್ಟರು ಕೈಗವಸು ಬಿಚ್ಚಿದರು. "ಇನ್ನ ಮುಚ್ಚರಿ ಯವ್ವಾ."

ಅಕ್ಕ ಮುಚ್ಚಲಿಲ್ಲ. ಮುಚ್ಚಿದರೆ ಮತ್ತೆ ತೆರೆಯದೇನೋ ಎಂದು ಹೆದರಿ, ಕಣ್ಣಲ್ಲಿ ನೀರಿಳಿಯುತ್ತಿದ್ದರೂ ಬಾಯಿ ತೆರೆದುಕೊಂಡೇ ಕೂತಿದ್ದಳು.