ಒಂಟಿ ಪಾಳಿಗೊಂದು ಕಿವಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದೆ, ಪಕ್ಕದಲ್ಲಿ ಕಾಫಿ ಆರುತ್ತಿದೆ. ಪರದೆಯ ತುಂಬ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿಯೂ ಎಲ್ಲೋ ಒಬ್ಬಂಟಿಯಾಗಿ ರಾತ್ರಿ ಪಾಳಿ ಮುಗಿಸುತ್ತಿರುವ ಒಬ್ಬ ಮನುಷ್ಯ: ಶೀತಲಗೃಹದ ಕಾವಲುಗಾರ, ಲಿಫ್ಟ್ ರಿಪೇರಿಯವನು, ಪಂಪ್‌ಹೌಸಿನ ಆಪರೇಟರ್. ಎಲ್ಲರೂ ಕ್ಷೇಮ ಎನ್ನುತ್ತಿದೆ ಪರದೆ. ಮೇಜರ್ ಅದನ್ನು ನಂಬುವುದಿಲ್ಲ. ಫೋನ್ ಎತ್ತಿಕೊಂಡು ಒಬ್ಬೊಬ್ಬರಿಗೇ ಕರೆ ಮಾಡುತ್ತಾರೆ. ಅತ್ತಲಿಂದ ಯಾರೋ ಕೆಮ್ಮುತ್ತಾರೆ, ಇನ್ಯಾರೋ ನಿದ್ದೆಗಣ್ಣಲ್ಲಿ ಗೊಣಗುತ್ತಾರೆ. ಆಗಷ್ಟೇ ಮೇಜರ್ ಅವರ ಬಿಗಿದ ಭುಜ ಸಡಿಲವಾಗುತ್ತದೆ.

ಅವರು ನಿಜಕ್ಕೂ ಮೇಜರ್ ಅಲ್ಲ. ಸೇನೆಯಲ್ಲಿ ವೈರ್‌ಲೆಸ್ ವಿಭಾಗದ ಸಾಮಾನ್ಯ ಸಿಪಾಯಿಯಾಗಿದ್ದವರು. ಅಲ್ಲಿ ಸಿಗದ ಬಡ್ತಿಯನ್ನು ಆಫೀಸಿನ ಎಂಜಿನಿಯರುಗಳು ಪುಕ್ಕಟೆಯಾಗಿ ಕೊಟ್ಟಿದ್ದಾರೆ. ಈಗ ಅವರು ಚಿಕ್ಕದೊಂದು ಕಂಪನಿಯ ಪ್ರಾಡಕ್ಟ್ ಮ್ಯಾನೇಜರ್. ಒಂಟಿಯಾಗಿ ಕೆಲಸ ಮಾಡುವವರು ಸೊಂಟಕ್ಕೆ ಕಟ್ಟಿಕೊಳ್ಳುವ, ಬೆಂಕಿಪೊಟ್ಟಣದಷ್ಟಿರುವ ಸಾಧನವೊಂದನ್ನು ಕಂಪನಿ ತಯಾರಿಸುತ್ತದೆ. ಅದು ಏನು ಮಾಡಬೇಕು, ಯಾರಿಗಾಗಿ ಮಾಡಬೇಕು, ಯಾವುದು ಮೊದಲಾಗಬೇಕು ಎಂದು ತೀರ್ಮಾನಿಸುವುದು ಮೇಜರ್ ಕೆಲಸ.

ಸೇನೆ ಬಿಟ್ಟು ಬಂದಾಗ ಎಲ್ಲರೂ ತೋರಿಸಿದ್ದು ಸೆಕ್ಯುರಿಟಿ ಗಾರ್ಡ್ ಕೆಲಸವನ್ನೇ. ಅದು ಬೇಡವೆಂದು ಸಂಜೆ ತರಗತಿಗೆ ಸೇರಿ, ಮಕ್ಕಳ ವಯಸ್ಸಿನವರ ಪಕ್ಕ ಕೂತು ಕಲಿತರು. ಸಂದರ್ಶನಗಳಲ್ಲಿ ಎದ್ದು ನಿಂತು ಉತ್ತರ ಹೇಳಿ ನಗೆಪಾಟಲಾದರು. ಕೊನೆಗೆ ಈ ಕಂಪನಿಯ, ಮಗಳಷ್ಟೇ ವಯಸ್ಸಿನ ಮುಖ್ಯಸ್ಥೆ ಕೂರಿಸಿಕೊಂಡು ಮಾತಾಡಿಸಿ ಕೆಲಸ ಕೊಟ್ಟರು. "ಸೈನ್ಯದಲ್ಲಿ ಹೇಳಿದ್ರೆ ಮುಗೀತು. ಇಲ್ಲಿ ಪ್ರತಿಯೊಂದಕ್ಕೂ ಯಾಕೆ ಅಂತಾರೆ," ಎನ್ನುತ್ತಾರೆ ಮೇಜರ್. "ಮನೇಲೂ ನಮ್ಮವಳು ಯಾಕೆ ಅಂತಾಳೆ. ಆದ್ರೆ ಅವಳಿಗೆ ಸ್ಲೈಡ್ ಮಾಡಿ ತೋರಿಸ್ಬೇಕಾಗಿಲ್ಲ."

ಸೇನೆಯ ಮಾತು ಬಂದರೆ ಅವರ ದನಿ ತಗ್ಗುತ್ತದೆ. ಬೆಟ್ಟದ ಮೇಲಿನ ಒಂದು ಠಾಣೆ, ಅದಕ್ಕಿಂತ ಮೇಲೆ ಇನ್ನೊಂದು. ಮೇಲಿನದರಲ್ಲಿ ಅವರ ಗೆಳೆಯ ಒಬ್ಬನೇ ಇದ್ದ. ಎಲ್ಲರೂ ಅವನನ್ನು ಹಾಡುಗಾರ ಎಂದು ಕರೆಯುತ್ತಿದ್ದರು. ಮಂಜು ಕವಿದ ಆ ರಾತ್ರಿಯಿಡೀ ಮೇಜರ್ ವೈರ್‌ಲೆಸ್‌ನಲ್ಲಿ ವಿಚಾರಿಸಿದರು. ಪ್ರತಿ ಸಲವೂ ಎಲ್ಲಾ ಕ್ಷೇಮ ಎಂಬ ಉತ್ತರ ಬಂತು. ಬೆಳಿಗ್ಗೆ ಪಾಳಿ ಬದಲಿಸಲು ಹತ್ತಿ ಹೋದವರಿಗೆ ಸಿಕ್ಕಿದ್ದು ಸೆಟೆದು ಮರಗಟ್ಟಿದ ಹೆಣ. ಸಂಜೆಯೇ ಪ್ರಾಣ ಹೋಗಿತ್ತು. ವೈರ್‌ಲೆಸ್‌ನ ಬ್ಯಾಟರಿ ಚಳಿಗೆ ಸತ್ತಿತ್ತು. ಬೇರೆ ಯಾವುದೋ ಠಾಣೆಯ ದನಿ ಅಡ್ಡ ಬಂದಿರಬೇಕು ಎಂದರು ಮೇಲಧಿಕಾರಿಗಳು.

"ನಾನು ವಾದ ಮಾಡ್ಲಿಲ್ಲ. ಕೇಳಿದ್ದು ಅವನ ದನೀನೇ," ಎನ್ನುತ್ತಾರೆ ಮೇಜರ್. "ಒಂದೇ ವಿಚಿತ್ರ. ನಾನು ಪ್ರಶ್ನೆ ಮುಗಿಸೋ ಮೊದಲೇ ಉತ್ತರ ಬರ್ತಿತ್ತು. ಬದುಕಿರೋರು ಹಾಗೆ ಹೇಳಲ್ಲ. ಒಂಚೂರು ತಡವರಿಸ್ತಾರೆ."

ಕಂಪನಿಯ ಸಾಧನ ಮೊದಲು ಗಂಟೆಗೊಮ್ಮೆ ಮಿನುಗಿ ಗುಂಡಿ ಒತ್ತಿಸಿಕೊಳ್ಳುತ್ತಿತ್ತು. ಅದು ಕಿರಿಕಿರಿ ಎಂದು ಬಳಸುವವರು ದೂರಿದರು. ಹಾಗಾಗಿ ಹೊಸ ಮಾದರಿಯಲ್ಲಿ, ಸಾಧನ ಅಲುಗಾಡುತ್ತಿದ್ದರೆ ಸಾಕು, ಮನುಷ್ಯ ಕ್ಷೇಮ ಎಂದೇ ಲೆಕ್ಕ. ಮೇಜರ್ ಕೂಡ ಖುಷಿಯಿಂದಲೇ ಒಪ್ಪಿದ್ದರು. ಊರಿನಾಚೆಯ ಪಂಪ್‌ಹೌಸಿನ ಆಪರೇಟರ್ ಅದನ್ನು ಪರೀಕ್ಷೆಗೆಂದು ಕಟ್ಟಿಕೊಂಡ.

ಕಳೆದ ಚಳಿಗಾಲದ ಒಂದು ಮುಂಜಾನೆ ಅವನ ಚುಕ್ಕಿ ಹಸಿರಾಗಿಯೇ ಇತ್ತು. ವಾಡಿಕೆಯಂತೆ ಮೇಜರ್ ಕರೆ ಮಾಡಿದರು. ಹೇಗಿದ್ದೀರಿ ಎಂಬ ಮಾತು ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಅತ್ತಲಿಂದ "ಆರಾಮಾಗಿದ್ದೀನಿ" ಎಂಬ ಉತ್ತರ ಬಂತು. ಆಪರೇಟರನದೇ ದನಿ. ಹಿಂದೆ ಪಂಪುಗಳ ಸದ್ದಿಲ್ಲ, ಉಸಿರೂ ಇಲ್ಲ.

ಮೇಜರ್ ಫೋನ್ ಕೆಳಗಿಟ್ಟು ಎದ್ದರು. ಮನೆಯ ಚಪ್ಪಲಿಯಲ್ಲೇ ಸ್ಕೂಟರ್ ಹತ್ತಿದರು. ಹೆಂಡತಿಗೆ ಅಗ್ನಿಶಾಮಕದವರನ್ನು ಕರೆಸಲು ಹೇಳಿದ್ದಷ್ಟೇ ನೆನಪು. ಒಳಗಿಂದ ಚಿಲಕ ಹಾಕಿದ್ದ ಬಾಗಿಲನ್ನು ಒಡೆದಾಗ ಆಪರೇಟರ್ ನೆಲದ ಮೇಲೆ ಬಿದ್ದಿದ್ದ. ತಲೆಗೆ ಪೆಟ್ಟಾಗಿತ್ತು. ಸೊಂಟ ದಪ್ಪ ಪೈಪಿಗೆ ಒತ್ತಿಕೊಂಡಿತ್ತು. ಪೈಪು ನಡುಗುತ್ತಿತ್ತು, ಅದರೊಂದಿಗೆ ಸಾಧನವೂ ನಡುಗುತ್ತಿತ್ತು. ರಾತ್ರಿಯಿಡೀ ಅದು ಕ್ಷೇಮ, ಕ್ಷೇಮ ಎಂದು ಸಾರುತ್ತಲೇ ಇತ್ತು. ಮನುಷ್ಯನಲ್ಲಿ ಇನ್ನೂ ಜೀವವಿತ್ತು. ಸ್ವಲ್ಪ ತಡವಾಗಿದ್ದರೂ ಕೈಮೀರುತ್ತಿತ್ತು ಎಂದರು ವೈದ್ಯರು.

ಅವನ ಫೋನ್ ಬೀಗ ಹಾಕಿದ ಕಪಾಟಿನಲ್ಲಿ, ಊಟದ ಚೀಲದೊಳಗೆ, ಸ್ವಿಚ್ ಆಫ್ ಆಗಿ ಸಿಕ್ಕಿತು.

ಎಚ್ಚರವಾದ ಮೇಲೆ ಆಪರೇಟರಿಗೆ ಮೇಜರ್ ಆ ಕರೆಯ ವಿಷಯ ಹೇಳಿದರು. "ಯಾರ ಹತ್ರ ಮಾತಾಡಿದ್ರಿ ಸರ್? ಪಾಳಿ ಶುರುವಾದ ಸ್ವಲ್ಪ ಹೊತ್ತಿಗೇ ಬಿದ್ದೆ ನಾನು," ಎಂದು ಕೇಳಿದ. ಅಂಕಿ ಅಂಶ ಬಿಟ್ಟು ಬೇರೇನನ್ನೂ ನಂಬದ ಮುಖ್ಯಸ್ಥೆ ಮೇಜರ್ ಅವರ ಫೋನನ್ನು ಇಸಿದುಕೊಂಡು ನೋಡಿದರು. ಆಪರೇಟರನ ನಂಬರಿಗೆ ಕರೆ ಹೋಗಿ, ಅತ್ತ ಎತ್ತಿದ ಗುರುತು ಅಲ್ಲಿತ್ತು. ಫೋನನ್ನು ಹಿಂದಿರುಗಿಸಿದರು. ಅಂದಿನಿಂದ ಆ ವಿಷಯ ಎತ್ತಿಲ್ಲ. ಆದರೆ ಹೊಸ ಮಾದರಿಯ ಬಿಡುಗಡೆಯನ್ನು ಅಂದೇ ತಡೆದರು.

ಈಗಿನ ಸಾಧನ ಅಲುಗಾಟವನ್ನು ನಂಬುವುದಿಲ್ಲ. ಪ್ರತಿ ಸಲವೂ ಬೇರೆ ಬೇರೆ ಪ್ರಶ್ನೆ ಕೇಳುತ್ತದೆ: ಎದುರಿಗೇನು ಕಾಣುತ್ತಿದೆ, ಊಟಕ್ಕೇನು ತಂದಿದ್ದೀರಿ. ಉತ್ತರವನ್ನು ಕೇಳಲು ಇನ್ನೊಂದು ತುದಿಯಲ್ಲಿ ಜೀವಂತ ಮನುಷ್ಯರೇ ಇರುತ್ತಾರೆ. ಖರ್ಚು ಹೆಚ್ಚೆಂದು ಕೆಲವು ಗಿರಾಕಿಗಳು ಕೈಬಿಟ್ಟರು. ಎಂಜಿನಿಯರುಗಳು ತಲೆ ಚಚ್ಚಿಕೊಂಡರು. ಮೇಜರ್ ಜಗ್ಗಲಿಲ್ಲ. ಯಾಕೆ ಎಂದವರಿಗೆಲ್ಲ ಸ್ಲೈಡ್ ಮಾಡಿ ತೋರಿಸಿದರು. ಫೋನಿನ ವಿಷಯ ಮಾತ್ರ ಅದರಲ್ಲಿ ಇರಲಿಲ್ಲ.

ಹೆಮ್ಮೆಯೇನಾದರೂ ಇದೆಯೇ ಎಂದರೆ ನಕ್ಕು ಇಲ್ಲವೆಂದು ತಲೆಯಾಡಿಸುತ್ತಾರೆ. ಆಸೆ ಮಾತ್ರ ಒಂದಿದೆ. ಪಂಪ್‌ಹೌಸಿನ ರಾತ್ರಿ ಪಾಳಿಗೆ ಇಬ್ಬರು ಬೇಕೆಂದು ಅವರು ನೀರು ಸರಬರಾಜಿನವರ ಬೆನ್ನು ಬಿದ್ದಿದ್ದರು. ಅವರೂ ಒಪ್ಪಿದ್ದಾರೆ. ಜನ ಇನ್ನೂ ಬಂದಿಲ್ಲ, ಬಂದಿರುವುದು ಎರಡನೆಯವನಿಗೆಂದು ಒಂದು ಕುರ್ಚಿ. ಮತ್ತೆ ಕೆಲಸಕ್ಕೆ ಹಾಜರಾಗಿರುವ ಆಪರೇಟರ್ ಅದನ್ನು ಪಂಪ್‌ಹೌಸಿನ ಹೊರಗೆ, ಗೋಡೆಗೆ ಮುಖ ಮಾಡಿ ಇಟ್ಟಿದ್ದಾನೆ.

"ಒಳಗಿಡಪ್ಪಾ ಅಂದೆ," ಎನ್ನುತ್ತಾರೆ ಮೇಜರ್. "ಅದಕ್ಕವನು, ಜನ ಬರ್ಲಿ ಸರ್, ಆಮೇಲೆ ಇಡ್ತೀನಿ, ಖಾಲಿ ಕುರ್ಚಿ ಜೊತೆ ರಾತ್ರಿ ಕಳಿಯೋಕೆ ನನ್ನಿಂದಾಗಲ್ಲ ಅಂದ. ಚಳಿ ಶುರುವಾಗೋದ್ರೊಳಗೆ ಅದ್ರಲ್ಲಿ ಯಾರಾದ್ರೂ ಬಂದು ಕೂತ್ರೆ ಸಾಕು ನನಗೆ."