ವಾರಿಜಕ್ಕನ ಮೊದಲ ಎರಡು ನಿಮಿಷ

ಇಂಗ್ಲಿಷಿನಲ್ಲಿ ಮಾತನಾಡುವಾಗ ವಾರಿಜಕ್ಕ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ತುಳುವಿಗೂ ಕನ್ನಡಕ್ಕೂ ಕೂತೇ ಇರುತ್ತಿದ್ದರು. ಕಂಪನಿಯ ಡ್ರೈವರುಗಳೊಡನೆ ಹಿಂದಿಯಲ್ಲಿ ವಾದಿಸುವಾಗ ಮೇಜಿನ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗುತ್ತಿದ್ದರು. ಆದರೆ ಫೋನಿನ ಆ ಕಡೆಯಿಂದ ಇಂಗ್ಲಿಷ್ ಕೇಳಿಸಿತೋ, ದುಪಟ್ಟಾ ಸರಿಮಾಡಿಕೊಂಡು, ಚಪ್ಪಲಿಯೊಳಗೆ ಕಾಲು ತೂರಿಸಿ, ಎದ್ದು ನಿಂತೇ ಉತ್ತರ ಕೊಡುತ್ತಿದ್ದರು. ಕುಳ್ಳಗಿದ್ದ ಅವರು ನಿಂತಾಗಲೂ ಕಂಪ್ಯೂಟರಿನ ಹಿಂದಿನಿಂದ ಭುಜದವರೆಗೆ ಮಾತ್ರ ಕಾಣುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾರಣ ಕೇಳಿದ್ದೆ. ಕೂತು ಮಾತಾಡಿದರೆ ಸ್ವರವೂ ಹೊಟ್ಟೆಯಲ್ಲೇ ಕೂತುಕೊಳ್ಳುತ್ತದೆ ಎಂದಿದ್ದರು.

ಮಸ್ಕತ್ತಿನ ಬೌಷರಿನಲ್ಲಿ, ಒಂದು ಮಾಲಿನ ಹಿಂಬದಿಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಆಫೀಸು. ಎಸಿ ಮತ್ತು ಕೋಲ್ಡ್ ಸ್ಟೋರೇಜುಗಳನ್ನು ಹಾಕಿಕೊಟ್ಟು ನೋಡಿಕೊಳ್ಳುವ ಕಂಪನಿ. ವಾರಿಜಕ್ಕ ಅಲ್ಲಿ ಇಪ್ಪತ್ತೇಳು ವರ್ಷಗಳಿಂದ ಸೆಕ್ರೆಟರಿ. ಮೂಲ್ಕಿಯ ಹತ್ತಿರದ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ, ಆಮೇಲೆ ಮಂಗಳೂರಿನಲ್ಲಿ ಟೈಪಿಂಗು, ಶಾರ್ಟ್‌ಹ್ಯಾಂಡು, ಓದು ಅಷ್ಟೇ. ಮದುವೆಯಾಗಿ ಗಂಡ ಗೋಪಾಲಣ್ಣನ ಹಿಂದೆ ಬಂದವರು. ಗೋಪಾಲಣ್ಣ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಇಬ್ಬರೂ ಅಷ್ಟು ವರ್ಷ ಹಮ್ರಿಯಾ ಬಡಾವಣೆಯ ಒಂದೇ ಫ್ಲ್ಯಾಟಿನಲ್ಲಿ ಇದ್ದರು.

ಕಾಗದದಲ್ಲಿ ಸೆಕ್ರೆಟರಿಯಾದರೂ ಅವರ ನಿಜವಾದ ಹುದ್ದೆ ಬೇರೆ. ನಮ್ಮಲ್ಲಿ ಯಾರೇ ಗಿರಾಕಿಗಳ ಮುಂದೆ ಪ್ರೆಸೆಂಟೇಶನ್ ಕೊಡಲು ಹೊರಟರೂ ಹಿಂದಿನ ದಿನ ಅವರ ಮೇಜಿನ ಮುಂದೆ ನಿಲ್ಲಬೇಕಾಗಿತ್ತು. ಯಂತ್ರದ ವಿಷಯಕ್ಕೆ ಅವರು ಕೈಹಾಕುತ್ತಿರಲಿಲ್ಲ. ಒಳಗಿನದ್ದು ನಿಮಗೆ ಗೊತ್ತುಂಟು, ಮೊದಲ ಎರಡು ನಿಮಿಷ ನನಗೆ ಕೊಡಿ ಎನ್ನುತ್ತಿದ್ದರು. ಎದುರು ಕೂರುವವರು ಯಾರು, ಅವರಲ್ಲಿ ಹಿರಿಯರು ಯಾರು, ಹಿಂದೆ ನಮ್ಮಿಂದ ಅವರಿಗೇನಾದರೂ ತೊಂದರೆಯಾಗಿದೆಯೇ ಎಂದು ವಿಚಾರಿಸಿ, ನಾಲ್ಕೈದು ವಾಕ್ಯ ಬರೆದುಕೊಡುತ್ತಿದ್ದರು.

ನಾನು ಮೈಸೂರಿನವನು. ಕಂಪ್ರೆಸರಿನ ಸದ್ದು ಕೇಳಿಯೇ ರೋಗ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಈ ನಾಲ್ಕೈದು ವಾಕ್ಯಗಳು ಬರೀ ಮುಖಸ್ತುತಿ ಎಂದುಕೊಂಡು ಮೊದಲ ಸಲ ಅವರ ಹತ್ತಿರ ಹೋಗಲೇ ಇಲ್ಲ.

ಮ್ಯಾನೇಜರ್ ನನ್ನನ್ನು ಕರೆದೊಯ್ದದ್ದು ಇಬ್ರಿ ಎಂಬ ಊರಿಗೆ, ಮೂರು ಗಂಟೆಯ ದಾರಿ. ಅಲ್ಲಿ ಶೇಖ್ ಸೈಫ್ ಎಂಬ ಎಪ್ಪತ್ತು ದಾಟಿದ ವ್ಯಾಪಾರಿಗೆ ಖರ್ಜೂರ, ಹಣ್ಣು ಇಡುವ ಹಳೆಯ ಕೋಲ್ಡ್ ಸ್ಟೋರೇಜ್ ಇತ್ತು. ಅದನ್ನು ಹೊಸದು ಮಾಡುವ ಮಾತು. ರತ್ನಗಂಬಳಿ ಹಾಸಿದ ಕೋಣೆಯಲ್ಲಿ ಕೂರಿಸಿ ಖರ್ಜೂರ, ಪುಟ್ಟ ಬಟ್ಟಲಲ್ಲಿ ಕಹ್ವಾ ಎಂಬ ಅರಬ್ಬಿ ಕಾಫಿ ಕೊಟ್ಟರು. ನಾನು ಕಹ್ವಾವನ್ನು ಒಂದೇ ಗುಟುಕಿಗೆ ಕುಡಿದು ಲ್ಯಾಪ್‌ಟಾಪ್ ತೆರೆದಿಟ್ಟು ಎದ್ದೆ. "ಗುಡ್ ಮಾರ್ನಿಂಗ್. ಮೈಸೆಲ್ಫ್ ಪ್ರಸನ್ನ. ಯುವರ್ ಪ್ಲಾಂಟ್ ಈಸ್ ವೆರಿ ಓಲ್ಡ್. ಯು ಹ್ಯಾವ್ ಟು ಥ್ರೋ ಇಟ್."

ತಂದೆಗೆ ಅರಬ್ಬಿಯಲ್ಲಿ ಹೇಳುತ್ತಿದ್ದ ಮಗ ಖಾಲಿದ್ ಅರ್ಧದಲ್ಲೇ ನಿಲ್ಲಿಸಿದ. ಆದರೆ 'ಥ್ರೋ' ಎನ್ನುವಾಗ ನಾನು ಕೈಯನ್ನೂ ಬೀಸಿದ್ದೆನಲ್ಲ, ಮುದುಕರಿಗೆ ಅನುವಾದ ಬೇಕಾಗಲಿಲ್ಲ. ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು. ನಲವತ್ತು ನಿಮಿಷ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕೊನೆಗೆ "ಶುಕ್ರನ್" ಎಂದು ಧನ್ಯವಾದ ಹೇಳಿ, ಎದ್ದು ಒಳಗೆ ಹೋದರು.

ವಾಪಸು ಬರುವಾಗ ಕಾರಿನಲ್ಲಿ ಮ್ಯಾನೇಜರ್ ವಿಷಯ ಹೇಳಿದರು. ಆ ಕಟ್ಟಡವನ್ನು ಶೇಖ್ ಸೈಫ್ ತಮ್ಮ ಅಣ್ಣನ ಜೊತೆ ನಿಂತು ಕಟ್ಟಿಸಿದ್ದರಂತೆ. ಅಣ್ಣ ಈಗ ಇಲ್ಲ.

ಮುಂದಿನ ವಾರ ನನಗೊಂದು ಪತ್ರ ಬಂತು. ಇನ್ನು ಸೈಟಿನ ಕೆಲಸ ಮಾತ್ರ, ಗಿರಾಕಿಗಳ ಮುಂದೆ ಹೋಗುವಂತಿಲ್ಲ. ಕೆಲಸ ಕಾಯಂ ಮಾಡುವುದನ್ನು ಮೂರು ತಿಂಗಳ ನಂತರ ನೋಡೋಣ. ಕಾಯಂ ಆಗದೆ ಹೆಂಡತಿಗೂ ಮಗುವಿಗೂ ವೀಸಾಕ್ಕೆ ಕಂಪನಿ ಅರ್ಜಿ ಹಾಕುವುದಿಲ್ಲ. ಮೈಸೂರಿನಲ್ಲಿ ಶ್ವೇತಾ ನಾಲ್ಕು ತಿಂಗಳ ಮಗಳನ್ನು ಇಟ್ಟುಕೊಂಡು ದಿನ ಎಣಿಸುತ್ತಿದ್ದಳು. ಕಾಗದಪತ್ರ ಸ್ವಲ್ಪ ತಡವಾಗುತ್ತಿದೆ ಎಂದಷ್ಟೇ ಅವಳಿಗೆ ಹೇಳಿದೆ.

ಆ ಪತ್ರವನ್ನು ಟೈಪು ಮಾಡಿದವರು ವಾರಿಜಕ್ಕನೇ. ಮರುದಿನ ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ನಾನೊಬ್ಬನೇ ಊಟಕ್ಕೆ ಕೂತಿದ್ದಾಗ ಅವರು ತಮ್ಮ ಡಬ್ಬಿ ಹಿಡಿದುಕೊಂಡು ಬಂದು ಎದುರು ಕೂತರು. ಇಬ್ರಿಯಲ್ಲಿ ಹೇಳಿದ ಮೊದಲ ಮಾತು ಯಾವುದು ಎಂದು ಕೇಳಿದರು. ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ತಮ್ಮ ಮೊದಲ ದಿನದ ಕತೆ ಹೇಳಿದರು.

ಅವರು ಈ ಕೆಲಸಕ್ಕೆ ಸೇರಿದ ದಿನ ಆಫೀಸಿನಲ್ಲಿ ಒಬ್ಬ ಇಂಗ್ಲಿಷ್ ಮ್ಯಾನೇಜರ್ ಇದ್ದನಂತೆ. ಮೊದಲ ಫೋನು ಬಂದಾಗ ಇವರು ಎತ್ತಿಕೊಂಡು, ಊರಿನಲ್ಲಿ 'ಯಾರು ನೀವು?' ಎಂದು ಕೇಳುವ ಹಾಗೆಯೇ, "ಹೂ ಆರ್ ಯೂ?" ಎಂದರಂತೆ. ಆ ಕಡೆ ಇದ್ದವರು ಕಂಪನಿಯ ಬಹುದೊಡ್ಡ ಗಿರಾಕಿ. ಮ್ಯಾನೇಜರ್ ಬಯ್ಯಲಿಲ್ಲ. ಒಂದು ಚೀಟಿಯಲ್ಲಿ 'ಮೇ ಐ ನೋ ಹೂ ಈಸ್ ಕಾಲಿಂಗ್, ಪ್ಲೀಸ್' ಎಂದು ಬರೆದು ಅವರ ಮೇಜಿನ ಮೇಲಿಟ್ಟು ಹೋದನಂತೆ. ಅದೊಂದು ವಾಕ್ಯವನ್ನು ವಾರಿಜಕ್ಕ ಹಮ್ರಿಯಾದ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ ವಾರವಿಡೀ ಹೇಳಿಕೊಂಡರು. ಪಕ್ಕದ ಮನೆಯವರು ಗೋಪಾಲಣ್ಣನನ್ನು ಕರೆದು, ನಿಮ್ಮವರಿಗೆ ಹುಷಾರಿಲ್ಲವೇ ಎಂದು ಕೇಳಿದ್ದರಂತೆ.

"ನಿಮ್ಮ ತಪ್ಪು ಭಾಷೆಯದ್ದಲ್ಲ," ಎಂದರು ನನಗೆ. "ಊರಲ್ಲಿ ಆ ಪ್ರಾಯದವರ ಹತ್ರ ನೀವು 'ನೀನು' ಅಂತ ಮಾತಾಡ್ತೀರಾ? ಇಲ್ಲ ಅಲ್ವಾ. ಇಂಗ್ಲಿಷಿನಲ್ಲಿ 'ನೀವು' ಇಲ್ಲ ಮಾರಾಯ್ರೇ. ಎಲ್ಲರಿಗೂ ಒಂದೇ 'ಯೂ'. ಹಾಗಾಗಿ ಆ 'ನೀವು' ಅನ್ನು ನಾವೇ ಕಟ್ಟಬೇಕು. ಮೇ, ವುಡ್, ಕುಡ್, ಅದಕ್ಕೇ ಇರುವುದು."

ವ್ಯಾಕರಣದ ಪುಸ್ತಕಗಳು ನನಗೆ ಎಂದೂ ಹೇಳದಿದ್ದ ಮಾತು ಅದು. ಶಾಲೆಯಲ್ಲಿ ಆ ಮೂರು ಪದಗಳನ್ನು ಅರ್ಥವಿಲ್ಲದ ಬಾಲಗಳೆಂದು ಬಾಯಿಪಾಠ ಮಾಡಿದ್ದೆ.

ಅಂದಿನಿಂದ ಊಟದ ಹೊತ್ತಿನಲ್ಲಿ ಪಾಠ ಶುರುವಾಯಿತು. ಎರಡನೆಯ ವಾರದಲ್ಲೇ ಅವರ ಬಾಯಲ್ಲಿ ನನಗೆ 'ನೀವು' ಹೋಗಿ 'ನೀನು' ಆಯಿತು; ನಾನೂ ಮೇಡಂ ಬಿಟ್ಟು ವಾರಿಜಕ್ಕ ಎನ್ನತೊಡಗಿದೆ. ಬಂಗುಡೆ ಸಾರಿನ ಡಬ್ಬಿ ಮುಚ್ಚಿಟ್ಟು, ಕೈ ತೊಳೆದು, ನನ್ನನ್ನು ಫ್ರಿಜ್ಜಿನ ಮುಂದೆ ನಿಲ್ಲಿಸುತ್ತಿದ್ದರು. ಫ್ರಿಜ್ಜೇ ನನ್ನ ಸಭೆ. ಮೊದಲು ಹಿರಿಯರಿಗೆ ವಂದನೆ, ಹೆಸರು ಹಿಡಿದು. ಆಮೇಲೆ, ನಮಗಾಗಿ ಸಮಯ ಮಾಡಿಕೊಂಡದ್ದಕ್ಕೆ ಕೃತಜ್ಞತೆ. ಆಮೇಲೆ ನನ್ನ ಹೆಸರು. 'ಮೈಸೆಲ್ಫ್' ಎಂದರೆ ಡಬ್ಬಿಯ ಮುಚ್ಚಳ ಮೇಜಿಗೆ ಕುಟ್ಟುತ್ತಿದ್ದರು. 'ಐ ವಾಂಟ್ ಟು ಶೋ' ಎಂದರೂ ಕುಟ್ಟುತ್ತಿದ್ದರು. 'ವಿತ್ ಯುವರ್ ಪರ್ಮಿಶನ್, ಐ ವುಡ್ ಲೈಕ್ ಟು' ಎಂದಾಗ ಮಾತ್ರ ತಲೆಯಾಡಿಸಿ, ಎಷ್ಟು ಹೊತ್ತು ಮಾತಾಡುತ್ತೇನೆಂಬುದನ್ನು ಮೊದಲೇ ಹೇಳಬೇಕು, ಹೇಳಿದ್ದಕ್ಕಿಂತ ಒಂದು ನಿಮಿಷ ಕಡಿಮೆ ಮಾತಾಡಬೇಕು ಎನ್ನುತ್ತಿದ್ದರು.

ಒಂದು ದಿನ ನನಗೆ ಸಿಟ್ಟು ಬಂತು. ಇದೆಲ್ಲ ನಾಟಕವಲ್ಲವೇ, ಹಳತಾದ ಯಂತ್ರವನ್ನು ಹಳತು ಎಂದು ಹೇಳದೆ ಬಿಡಲಾಗುತ್ತದೆಯೇ ಎಂದು ಕೇಳಿದೆ.

"ನೇರ ಮಾತು ಬೇಡ ಅಂತ ನಾನು ಯಾವಾಗ ಹೇಳಿದೆ?" ಎಂದರು. "ನೇರ ಮಾತು ಹೇಳ್ಲಿಕ್ಕೇ ಈ ಎರಡು ನಿಮಿಷ ಇರುವುದು. ಕೇಳುವವರು ಮೊದಲು ಸಮಾಧಾನದಲ್ಲಿ ಕೂತುಕೊಳ್ಳಲಿ. ಆಮೇಲೆ ಎಂತ ಬೇಕಾದರೂ ಹೇಳು."

ಎರಡು ತಿಂಗಳಾದ ಮೇಲೆ ಅವರೇ ಖಾಲಿದ್‌ಗೆ ಫೋನು ಮಾಡಿದರು, ಎದ್ದು ನಿಂತೇ. ಆ ಇಂಜಿನಿಯರ್ ಇನ್ನೊಮ್ಮೆ ಬರಬಹುದೇ ಎಂದು ಕೇಳಿದರು. ತಂದೆ ಬರಲಿ ಎಂದಿದ್ದಾರೆ ಎಂದು ಎರಡು ದಿನದ ನಂತರ ಉತ್ತರ ಬಂತು. ಮ್ಯಾನೇಜರ್ ನನ್ನನ್ನು ಕರೆದು, ಇದೇ ಕೊನೆಯ ಅವಕಾಶ ಎಂದರು. ಆರಂಭದ ಮಾತು ತಾವೇ ಆಡುವುದೆಂದೂ ನಾನು ಯಂತ್ರದ ವಿಷಯ ಮಾತ್ರ ಹೇಳುವುದೆಂದೂ ತೀರ್ಮಾನಿಸಿದರು. ಹೊರಡುವ ದಿನ ಬೆಳಿಗ್ಗೆ ಅವರಿಗೆ ಜ್ವರ ಏರಿತು. ವಾರಿಜಕ್ಕನನ್ನು ಕರೆದುಕೊಂಡು ಹೋಗು, ಮಾತುಕತೆಯನ್ನು ಬರೆದುಕೊಳ್ಳಲಿ ಎಂದು ಫೋನಿನಲ್ಲಿ ಹೇಳಿದರು.

ಇಪ್ಪತ್ತೇಳು ವರ್ಷಗಳಲ್ಲಿ ಅವರು ಒಬ್ಬ ಗಿರಾಕಿಯ ಮನೆಗೂ ಹೋದವರಲ್ಲ. ದಾರಿಯುದ್ದಕ್ಕೂ ನಾನು, ಆರಂಭದ ಮಾತು ನೀವೇ ಆಡಿ ಎಂದು ಬೇಡಿಕೊಂಡೆ. ನನ್ನದು ಬರೆಯುವ ಕೆಲಸ, ಹೇಳುವ ಕೆಲಸವಲ್ಲ ಎಂದು ಅವರು ಕಿಟಕಿಯ ಕಡೆ ತಿರುಗಿಬಿಟ್ಟರು.

ಅದೇ ಕೋಣೆ, ಅದೇ ಖರ್ಜೂರ. ಶೇಖ್ ಸೈಫ್ ನನ್ನನ್ನು ಒಮ್ಮೆ ನೋಡಿ, ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದ ವಾರಿಜಕ್ಕನ ಕಡೆ ತಿರುಗಿ, ಇವರು ಯಾರು ಎಂದು ಮಗನನ್ನು ಕೇಳಿದರು. ಖಾಲಿದ್ ಹೆಸರು ಹೇಳಿದ. ಮುದುಕರ ಮುಖ ಅರಳಿತು. ಹಲವು ವರ್ಷಗಳಿಂದ ಯಾವ ಯಂತ್ರ ಕೆಟ್ಟರೂ ಅವರ ಕಡೆಯಿಂದ ಫೋನು ಬರುತ್ತಿದ್ದದ್ದು ಇವರಿಗೆ. ಆ ದನಿಯನ್ನು ಸ್ಪೀಕರಿನಲ್ಲಿ ಅವರೂ ಕೇಳುತ್ತಿದ್ದರಂತೆ. ಮೊದಲು ಇವರು ಮಾತಾಡಲಿ ಎಂದರು.

ವಾರಿಜಕ್ಕ ಎದ್ದು ನಿಂತರು. ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ದುಪಟ್ಟಾ ಸರಿಮಾಡಿಕೊಂಡರು, ಮತ್ತೊಮ್ಮೆ ಸರಿಮಾಡಿಕೊಂಡರು. ನಾನೇ ಎದ್ದುಬಿಡಲೇ ಎಂದುಕೊಳ್ಳುವಷ್ಟರಲ್ಲಿ ಅವರು ಶುರುಮಾಡಿದರು.

"ಗುಡ್ ಮಾರ್ನಿಂಗ್, ಶೇಖ್ ಸೈಫ್. ಗುಡ್ ಮಾರ್ನಿಂಗ್, ಮಿಸ್ಟರ್ ಖಾಲಿದ್. ಮೇ ಐ ಥ್ಯಾಂಕ್ ಯು ಫಾರ್ ರಿಸೀವಿಂಗ್ ಅಸ್ ಅ ಸೆಕೆಂಡ್ ಟೈಮ್. ನಾಟ್ ಎವ್ರಿಬಡಿ ವುಡ್."

ಎರಡನೆಯ ಬಾರಿ ಬರಮಾಡಿಕೊಂಡದ್ದಕ್ಕೆ ಕೃತಜ್ಞತೆ. ಎಲ್ಲರೂ ಹೀಗೆ ಮಾಡುತ್ತಿರಲಿಲ್ಲ. ಆ ಕೊನೆಯ ತುಂಡು ಅವರು ಯಾರಿಗೂ ಬರೆದುಕೊಟ್ಟದ್ದಲ್ಲ, ಅಲ್ಲೇ ಹುಟ್ಟಿದ್ದು. ಆಮೇಲೆ, ತಮ್ಮ ಅಪ್ಪಣೆಯಿದ್ದರೆ ನನ್ನ ಸಹೋದ್ಯೋಗಿ ಹದಿನೈದು ನಿಮಿಷ ಮಾತಾಡಲು ಬಯಸುತ್ತಾರೆ ಎಂದು ಹೇಳಿ ನನ್ನ ಕಡೆ ಕೈ ತೋರಿಸಿ ಕೂತರು.

ಖಾಲಿದ್ ಅರಬ್ಬಿಗೆ ತಿರುಗಿಸಿದ. ಶೇಖ್ ಸೈಫ್ ಎದೆಯ ಮೇಲೆ ಕೈಯಿಟ್ಟುಕೊಂಡು ನನಗೆ ತಲೆಯಾಡಿಸಿದರು.

ನಾನು ಲ್ಯಾಪ್‌ಟಾಪ್ ತೆರೆಯಲಿಲ್ಲ. ಹೋದ ಸಲ ನಿಮ್ಮ ಕೋಲ್ಡ್ ಸ್ಟೋರೇಜನ್ನು ಎಸೆಯಬೇಕೆಂದಿದ್ದೆ, ಅದನ್ನು ಕಟ್ಟಿದವರು ಯಾರೆಂದು ಮೊದಲು ಕೇಳಬೇಕಾಗಿತ್ತು, ಕ್ಷಮಿಸಿ, ಈಗ ಕೇಳಬಹುದೇ ಎಂದೆ. ಇಂಗ್ಲಿಷಿನಲ್ಲಿ, 'ಮೇ ಐ' ಹಾಕಿಯೇ. ಮುದುಕರು ಒಂದು ಗಂಟೆ ಮಾತಾಡಿದರು. ಅಣ್ಣ ಎಲ್ಲಿಂದ ಕಲ್ಲು ತರಿಸಿದ, ಮೊದಲ ವರ್ಷ ಕರೆಂಟು ಕೈಕೊಟ್ಟು ಖರ್ಜೂರವೆಲ್ಲ ಹಾಳಾದಾಗ ಇಬ್ಬರೂ ಹೇಗೆ ನಕ್ಕರು, ಎಲ್ಲವೂ ಬಂತು. ಕೊನೆಗೆ ನನಗೆ ಉಳಿದದ್ದು ಹತ್ತೇ ನಿಮಿಷ. ಯಂತ್ರಗಳು ಆಯುಸ್ಸು ಮುಗಿಸಿವೆ, ಬದಲಾಯಿಸದೆ ವಿಧಿಯಿಲ್ಲ ಎಂದು ನೇರವಾಗಿಯೇ ಹೇಳಿದೆ. ಗೋಡೆಗಳು ಗಟ್ಟಿಯಾಗಿವೆ, ಉಳಿಸಿಕೊಳ್ಳಬಹುದು ಎಂದೂ ಹೇಳಿದೆ. ಅದು ನಿಜವಾಗಿಯೂ ನಿಜವಾಗಿತ್ತು. ಹೋದ ಸಲ ನಾನು ಗೋಡೆಗಳನ್ನು ನೋಡಿರಲೇ ಇಲ್ಲ.

ಮರಳಿ ಬರುವಾಗ ಬಹ್ಲಾದ ಹತ್ತಿರ ಕರಕ್ ಚಹಾಕ್ಕೆ ನಿಲ್ಲಿಸಿದೆವು. ವಾರಿಜಕ್ಕ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು, "ನನ್ನ ಸ್ವರ ನಡುಗಿತಾ?" ಎಂದು ಕೇಳಿದರು.

"ಇಲ್ಲ, ವಾರಿಜಕ್ಕ."

"ಸುಳ್ಳು ಹೇಳ್ಬೇಡ. ನಡುಗಿತು, ನನಗೆ ಗೊತ್ತುಂಟು." ಒಂದು ಗುಟುಕು ಕುಡಿದು ಮೆಲ್ಲಗೆ ನಕ್ಕರು. "ಆದರೆ ನಿಲ್ಲಲಿಲ್ಲ, ಅಲ್ವಾ?"

ಆ ಕೆಲಸ ನಮಗೇ ಸಿಕ್ಕಿತು. ನಾನು ಕಾಯಂ ಆದೆ. ಚಳಿಗಾಲ ಶುರುವಾಗುವ ಹೊತ್ತಿಗೆ ಶ್ವೇತಾ ಮಗಳನ್ನು ಎತ್ತಿಕೊಂಡು ಮಸ್ಕತ್ತಿಗೆ ಬಂದಳು. ಮರುದಿನವೇ ವಾರಿಜಕ್ಕ ನೀರ್‌ದೋಸೆ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಮಗು ಅವರ ದುಪಟ್ಟಾ ಬಾಯಿಗೆ ಹಾಕಿಕೊಂಡು ಅವರ ಮಡಿಲಲ್ಲೇ ನಿದ್ದೆಹೋಯಿತು.

ಅವರು ಕೆಲಸ ಬಿಡುವ ವರ್ಷ ಮರಿಯಂ ಎಂಬ ಒಮಾನಿ ಹುಡುಗಿ ಅವರ ಜಾಗಕ್ಕೆ ಬಂದಳು. ಅಷ್ಟರಲ್ಲಿ ಆಫೀಸಿನ ಹಲವರು ಆರಂಭದ ಮಾತುಗಳನ್ನು ಕಂಪ್ಯೂಟರಿನಿಂದಲೇ ಬರೆಸಿಕೊಳ್ಳತೊಡಗಿದ್ದರು. ವಾರಿಜಕ್ಕ ಬೇಸರಪಟ್ಟುಕೊಳ್ಳಲಿಲ್ಲ. ಅಂಥ ಒಂದನ್ನು ಓದಿ, ಚೆಂದ ಬರೆದಿದೆ, ಆದರೆ ಎದುರು ಕೂತವರು ಯಾರೆಂದು ಅದು ಕೇಳಲೇ ಇಲ್ಲವಲ್ಲ ಎಂದರು. ಮರಿಯಂಗೆ ಆರು ತಿಂಗಳು ಕಲಿಸಿದರು. ಅವಳ ಇಂಗ್ಲಿಷ್ ವಾರಿಜಕ್ಕನದಕ್ಕಿಂತ ಚೆನ್ನಾಗಿತ್ತು. ಸಂಕೋಚ ಮಾತ್ರ ವಿಪರೀತ. ಅವಳಿಗೆ ಕೊಟ್ಟ ಮೊದಲ ಪಾಠವೇ, ಸ್ವರ ನಡುಗಿದರೆ ನಡುಗಲಿ ಎಂಬುದು. ಈಗ ನಮ್ಮ ದೊಡ್ಡ ಸಭೆಗಳನ್ನೆಲ್ಲ ಅವಳೇ ಆರಂಭಿಸುತ್ತಾಳೆ.

ಊರಿಗೆ ಹೊರಡುವ ದಿನ ವಾರಿಜಕ್ಕ, ಗೋಪಾಲಣ್ಣ ಇಬ್ಬರನ್ನೂ ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋಗಿದ್ದೆ. ಗೋಪಾಲಣ್ಣ ಎಂದಿನಂತೆ ಮುಂದಿನ ಬಾಗಿಲಿಗೆ ಕೈಹಾಕಿದಾಗ, ನೀವು ಹಿಂದೆ ಕೂತುಕೊಳ್ಳಿ, ನನಗೆ ದಾರಿ ನೋಡಬೇಕು ಎಂದು ವಾರಿಜಕ್ಕ ಮುಂದೆ ಹತ್ತಿದರು. ಸೀಟನ್ನು ಆದಷ್ಟು ಮುಂದಕ್ಕೆ ಎಳೆದುಕೊಂಡರು. ಊರಿಗೆ ಹೋಗಿ ಸ್ಕೂಟರ್ ಕಲಿಯುತ್ತೇನೆ, ಇಷ್ಟು ವರ್ಷ ಬೇರೆಯವರು ಓಡಿಸುವುದನ್ನೇ ನೋಡಿದ್ದಾಯಿತು ಎಂದರು. ಹಿಂದಿನ ಸೀಟಿನಿಂದ ಗೋಪಾಲಣ್ಣ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ನಿಲ್ದಾಣದಲ್ಲಿ ನಾನು ಪೆಟ್ಟಿಗೆಗಳನ್ನು ಇಳಿಸಿಕೊಟ್ಟು ಅಲ್ಲೇ ನಿಂತೆ. ಇಲ್ಲಿ ಗಾಡಿ ಜಾಸ್ತಿ ಹೊತ್ತು ನಿಲ್ಲಿಸಲು ಬಿಡುವುದಿಲ್ಲ, ಯಲ್ಲಾ, ಹೊರಡು ಎಂದು ಬೆನ್ನು ತಟ್ಟಿ ಒಳಗೆ ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಹೋದ ತಿಂಗಳು ಅವರಿಂದ ಒಂದು ಧ್ವನಿ ಸಂದೇಶ ಬಂತು. ಹಿನ್ನೆಲೆಯಲ್ಲಿ ಕಾಗೆ ಕೂಗುತ್ತಿತ್ತು. ಅವರಿಗೆ ಇನ್ನೂ ಏದುಸಿರು. "ಪ್ರಸನ್ನಾ, ಇವತ್ತು ಪೇಟೆಯವರೆಗೆ ಒಬ್ಬಳೇ ಸ್ಕೂಟರಿನಲ್ಲಿ ಹೋಗಿ ಬಂದೆ. ತಿರುವಿನಲ್ಲಿ ಎದುರಿಂದ ಬಸ್ಸು ಬಂತು ಮಾರಾಯ. ನಾನು ನಿಲ್ಲಿಸಿದೆ. ಅವನೂ ನಿಲ್ಲಿಸಿದ. ಇಬ್ಬರೂ ಹಾಗೇ ನೋಡ್ತಾ ನಿಂತೆವು. ಮತ್ತೆ ಅವ ಕೈ ಸನ್ನೆ ಮಾಡಿ, ನನ್ನನ್ನೇ ಮೊದಲು ಬಿಟ್ಟ."